ಎಷ್ಟು ದಿನ ಕರೆಂಟ್ ಕೊಡಬೇಕು? ಪ್ಯಾರಿಸ್‌ನಿಂದ ಕೋಲ್ಕತ್ತದವರೆಗೆ ಒಂದು ಲೆಕ್ಕದ ಚರಿತ್ರೆ

ಕೋಲ್ಕತ್ತದಲ್ಲಿರೋ ನಮ್ಮಂಥ ಕನ್ನಡಿಗರಿಗೆ ನ್ಯೂಟೌನ್ ಅಂದ್ರೆ ಐಟಿ ಆಫೀಸು. ಆದ್ರೆ ಅದೇ ನ್ಯೂಟೌನಿನಲ್ಲಿ ಎರಡು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳೂ ಇವೆ. ಒಂದು, 2011ರಲ್ಲಿ ಶುರುವಾದ ಟಾಟಾ ಮೆಡಿಕಲ್ ಸೆಂಟರ್. ಇನ್ನೊಂದು, ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎರಡನೇ ಕ್ಯಾಂಪಸ್. ಅದರ ಉದ್ಘಾಟನೆ ಆಗಿದ್ದು 2022ರಲ್ಲಿ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರಿನವನು. ಹಾಗಾಗಿ ಇವತ್ತು ಹೇಳೋದು ಸಲಹೆ ಅಲ್ಲ. ಊರಲ್ಲಿ 'ಕರೆಂಟ್ ಕೊಡೋದು' ಅಂತಾರಲ್ಲ, ಆ ರೇಡಿಯೇಷನ್ನಿನ ಹಿಂದಿರೋ ಲೆಕ್ಕದ ಕಥೆ.

ಚಿತ್ತರಂಜನ್ ಸಂಸ್ಥೆಯ ಹಳೇ ಆಸ್ಪತ್ರೆ ಇರೋದು ಹಾಜ್ರಾದಲ್ಲಿ. ಅದನ್ನ 1950ರ ಜನವರಿ 2ರಂದು ಉದ್ಘಾಟಿಸಿದವರು ಐರೀನ್ ಜೋಲಿಯೊ-ಕ್ಯೂರಿ. ಮೇರಿ ಕ್ಯೂರಿಯವರ ಮಗಳು, 1935ರಲ್ಲಿ ಸ್ವತಃ ನೊಬೆಲ್ ಪಡೆದವರು. ಅವರು ಕೆಲಸ ಮಾಡ್ತಿದ್ದ ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯಲ್ಲೇ ನಮ್ಮ ಲೆಕ್ಕವೂ ಹುಟ್ಟಿದ್ದು.

1920ರ ದಶಕದಲ್ಲಿ ಅಲ್ಲಿ ಆನ್ರಿ ಕುಟಾರ್ ಅನ್ನೋ ವೈದ್ಯರು ಗಂಟಲಿನ ಕ್ಯಾನ್ಸರಿಗೆ ಎಕ್ಸ್-ರೇ ಕೊಡ್ತಿದ್ರು. ಒಂದೆರಡು ಸಲಕ್ಕೆ ದೊಡ್ಡ ಡೋಸ್ ಸುರಿಯೋ ಪದ್ಧತಿ ಇದ್ದ ಕಾಲ ಅದು. ಕುಟಾರ್ ಡೋಸನ್ನ ಚಿಕ್ಕ ಚಿಕ್ಕ ಕಂತು ಮಾಡಿ ವಾರಗಟ್ಟಲೆ ಹಂಚಿದರು. ಎರಡು ಕಂತುಗಳ ನಡುವೆ ಒಳ್ಳೇ ಜೀವಕೋಶಗಳು ರಿಪೇರಿ ಮಾಡ್ಕೊಳ್ತವೆ, ಕ್ಯಾನ್ಸರ್ ಕೋಶಗಳಿಗೆ ಅದು ಅಷ್ಟಾಗಿ ಆಗಲ್ಲ. ಇವತ್ತಿಗೂ ಗುಣಪಡಿಸೋ ಉದ್ದೇಶದಿಂದ ಬಾಯಿ, ಗಂಟಲಿಗೆ ಕೊಡೋ ಡೋಸ್ ಸುಮಾರು 70 ಗ್ರೇ. ದಿನಕ್ಕೆ 2 ಗ್ರೇಯಂತೆ 35 ಸಿಟ್ಟಿಂಗ್, ಅಂದ್ರೆ ಏಳು ವಾರ. ಬಾಯಿ ಹುಣ್ಣಾಗುತ್ತೆ, ನುಂಗೋದು ಕಷ್ಟ ಆಗುತ್ತೆ. ಗುಣವಾಗೋ ಆಸೆ ಇದ್ದಾಗ ಜನ ಅದನ್ನೆಲ್ಲ ತಡ್ಕೋತಾರೆ.

ಆದ್ರೆ ರೋಗ ತುಂಬಾ ಮುಂದುವರಿದಿದ್ರೆ? ತಂಬಾಕು, ಗುಟ್ಕಾ ಜಗಿಯೋ ನಮ್ಮ ದೇಶದಲ್ಲಿ ಎಷ್ಟೋ ಜನ ಆಸ್ಪತ್ರೆ ಬಾಗಿಲಿಗೆ ಬರೋದೇ ಕೊನೇ ಹಂತದಲ್ಲಿ. ಗುಣ ಆಗಲ್ಲ, ನೋವು ಮಾತ್ರ ಇದೆ. ಅಲ್ಲಿ ಲೆಕ್ಕ ತಿರುಗುತ್ತೆ. ಪ್ರತಿ ಕಂತು ದೊಡ್ಡದಾದಷ್ಟೂ ಒಳ್ಳೇ ಅಂಗಾಂಶಕ್ಕೆ ತಡವಾಗಿ ಆಗೋ ಹಾನಿ ಜಾಸ್ತಿ. ಆದ್ರೆ ಅದು ಕಾಣಿಸ್ಕೊಳ್ಳೋದು ಹಲವು ತಿಂಗಳು, ವರ್ಷಗಳ ನಂತರ. ಅಷ್ಟು ಕಾಲ ಕೈಯಲ್ಲಿ ಇಲ್ಲದವರಿಗೆ ಅದಕ್ಕಿಂತ ದೊಡ್ಡ ಖರ್ಚು ಅಂದ್ರೆ ಆಸ್ಪತ್ರೆಯಲ್ಲಿ ಕಳೆಯೋ ದಿನಗಳೇ.

ಈ ದಾರಿಯಲ್ಲಿ ನಮ್ಮ ದೇಶದ್ದೇ ಒಂದು ಮುಖ್ಯ ಕೆಲಸ ಇದೆ. ದೆಹಲಿಯ ಏಮ್ಸ್ ವೈದ್ಯರು ಬಾಯಿ, ಗಂಟಲಿನ ಕ್ಯಾನ್ಸರ್ ಗುಣವಾಗದ ಹಂತಕ್ಕೆ ಹೋಗಿದ್ದ 505 ರೋಗಿಗಳ ಅನುಭವವನ್ನ 2004ರಲ್ಲಿ ಪ್ರಕಟಿಸಿದರು. ಕೊಟ್ಟಿದ್ದು ಒಂದೇ ವಾರ, 5 ಸಿಟ್ಟಿಂಗ್, ಒಟ್ಟು 20 ಗ್ರೇ. ಚೆನ್ನಾಗಿ ಸ್ಪಂದಿಸಿದವರಿಗೆ ಆಮೇಲೆ ಹೆಚ್ಚಿನ ಡೋಸ್. ಹೊರದೇಶಗಳಲ್ಲಿ 'ಕ್ವಾಡ್ ಶಾಟ್' ಅನ್ನೋ ಕ್ರಮವೂ ಬಂತು: ದಿನಕ್ಕೆ ಎರಡು ಸಲದಂತೆ ಎರಡೇ ದಿನ, ಸುಮಾರು ನಾಲ್ಕು ವಾರ ಮನೆ, ಬೇಕಾದ್ರೆ ಮತ್ತೆ.

ಬಿಹಾರದಿಂದಲೋ ಅಸ್ಸಾಮಿನಿಂದಲೋ ರೈಲು ಹತ್ತಿ ಕೋಲ್ಕತ್ತಕ್ಕೆ ಬರೋ ಸಂಸಾರಕ್ಕೆ ಏಳು ವಾರ ಅಂದ್ರೆ ಬಾಡಿಗೆ ರೂಮು, ಹೋದ ಕೂಲಿ, ಊರಲ್ಲಿ ಬಿಟ್ಟು ಬಂದ ಮಕ್ಕಳು. ಕಲಬುರಗಿಯಿಂದ ಬೆಂಗಳೂರಿನ ಕಿದ್ವಾಯಿಗೆ ಬರೋರಿಗೂ ಅದೇ ಪಾಡು. ಒಂದು ವಾರ ಅಂದಾಗ ಉಳಿದ ಆರು ವಾರ ರೋಗಿ ತನ್ನ ಮನೆಯಲ್ಲಿ, ತನ್ನವರ ಜೊತೆ ಇರಬಹುದು.

ನಾವು ದೂರದಲ್ಲಿರೋರು. ಊರಿಂದ ಇಂಥ ಫೋನ್ ಬಂದಾಗ "ಎಷ್ಟು ಖರ್ಚಾದ್ರೂ ಸರಿ, ದೊಡ್ಡ ಟ್ರೀಟ್‌ಮೆಂಟೇ ಕೊಡಿಸಿ" ಅನ್ನೋದು ಸುಲಭ. ಕಡಿಮೆ ಸಿಟ್ಟಿಂಗ್ ಅಂದ್ರೆ ಡಾಕ್ಟರು ಕೈಬಿಟ್ಟರು ಅಂತ ಅಲ್ಲ. ಮೊದಲು ಕೇಳಬೇಕಾದ್ದು ಎರಡೇ: ಈ ಚಿಕಿತ್ಸೆ ಗುಣಪಡಿಸೋಕಾ, ನೋವು ಇಳಿಸೋಕಾ? ನೋವು ಇಳಿಸೋಕೆ ಅಂದ್ರೆ, ಕಡಿಮೆ ದಿನದಲ್ಲಿ ಮುಗಿಸಬಹುದಾ? ಕೇಳಿದ ಮೇಲೆ ಅಪ್ಪ, ಅಮ್ಮ ಏನಂತಾರೆ ಅಂತಲೂ ಕೇಳಿ. ದಿನಗಳು ಅವರವು.