ಉತ್ಸವಗಳಲ್ಲಿ ಮಾರ್ಗ–ದೇಶಿಗಳ ಸಮಾಗಮ

ನಾನಾ ಭಾಷೆಗಳ, ನಾನಾ ಕುಲಗಳ ಜನರು ತಂತಮ್ಮ ನೃತ್ಯಗೀತಗಳೊಡನೆ ಒಂದೆಡೆ ಕೂಡುವ ಉತ್ಸವಗಳು ಈಚೆಗೆ ಪಟ್ಟಣಗಳಲ್ಲಿಯೂ ಹೋಬಳಿಗಳಲ್ಲಿಯೂ ಹೆಚ್ಚುತ್ತಿರುವುದು ವಾಚಕಮಹಾಶಯರಿಗೆ ವಿದಿತವಾದುದೇ ಆಗಿದೆ. ಇಂಥ ಕೂಟವು ಕೇವಲ ಹೊಸ ಕಾಲದ ಕಲ್ಪನೆಯೆಂದೂ, ಹಿಂದಿನವರು ತಂತಮ್ಮ ಹಾಡನ್ನು ತಂತಮ್ಮ ಕೇರಿಗಳಲ್ಲಿಯೇ ಹಾಡಿಕೊಂಡಿದ್ದರೆಂದೂ ಕೆಲವರು ಭಾವಿಸಿರುವರು. ಮತ್ತೆ ಕೆಲವರು ಪೂರ್ವಕಾಲದಲ್ಲಿ ಸಮಸ್ತರೂ ಭೇದವಿಲ್ಲದೆ ಒಂದೇ ಮನೆಯವರಂತೆ ನಲಿಯುತ್ತಿದ್ದರೆಂದೂ, ಈಗಲೇ ಅದೆಲ್ಲವೂ ಕೆಟ್ಟಿತೆಂದೂ ಹೇಳುವುದುಂಟು. ಈ ಎರಡು ಪಕ್ಷಗಳೂ ಚರಿತ್ರೆಯ ಒಂದೊಂದು ಪಾರ್ಶ್ವವನ್ನು ಮಾತ್ರ ಕಂಡವು. ನಮ್ಮ ನಾಡಿನಲ್ಲಿ ಇಂಥ ಸಮಾಗಮವು ಎಂಟುನೂರು ವರ್ಷಗಳಿಗೂ ಹಿಂದಿನಿಂದ ನಡೆದುಬಂದಿದೆ. ಆದರೆ ಅದರಲ್ಲಿ ಎಲ್ಲರಿಗೂ ಸಮವಾದ ಆಸನವಿರಲಿಲ್ಲ. ಇದನ್ನು ನಿದರ್ಶನಗಳಿಂದ ತೋರಿಸುವುದೇ ಈ ಲೇಖನದ ಉದ್ದೇಶವು.

ಸಂಗೀತಶಾಸ್ತ್ರಜ್ಞರು ಗೀತ ವಾದ್ಯ ನೃತ್ಯಗಳನ್ನು ಮಾರ್ಗವೆಂದೂ ದೇಶಿಯೆಂದೂ ಎರಡಾಗಿ ವಿಂಗಡಿಸಿರುವರು. ನಿಯಮಬದ್ಧವಾಗಿ ಪೂರ್ವಾಚಾರ್ಯರಿಂದ ಬಂದುದು ಮಾರ್ಗ. ಆಯಾ ನಾಡಿನ ಜನರ ಹೃದಯವನ್ನು ರಂಜಿಸುವುದು ದೇಶಿ. ಮತಂಗಮುನಿಯು ತನ್ನ ‘ಬೃಹದ್ದೇಶೀ’ ಗ್ರಂಥದಲ್ಲಿ, ಹೆಂಗಸರೂ ಮಕ್ಕಳೂ ಗೋವಳರೂ ಅರಸರೂ ತಂತಮ್ಮ ನಾಡಿನಲ್ಲಿ ಪ್ರೀತಿಯಿಂದ ಹಾಡಿಕೊಳ್ಳುವುದೇ ದೇಶಿಯೆಂದು ಹೇಳಿ, ದನ ಕಾಯುವವನನ್ನೂ ಭೂಪಾಲನನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿರುವನು. ಕಾಶ್ಮೀರದಿಂದ ದಕ್ಷಿಣಕ್ಕೆ ಬಂದ ಮನೆತನದ ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ದೇವಗಿರಿಯ ಸಿಂಘಣರಾಜನ ಆಶ್ರಯದಲ್ಲಿ ‘ಸಂಗೀತರತ್ನಾಕರ’ವನ್ನು ರಚಿಸಿ ಇದೇ ವಿಭಾಗವನ್ನು ವಿಸ್ತರಿಸಿದನು. ಕನ್ನಡದ ಆದಿಕವಿ ಪಂಪನು 941ರಲ್ಲಿ ತನ್ನ ಕಾವ್ಯವು ದೇಶಿಯಲ್ಲಿ ಹೊಕ್ಕು ಮಾರ್ಗದಲ್ಲಿ ಸಲ್ಲಬೇಕೆಂದು ಬಯಸಿದುದನ್ನು ನೋಡಿದರೆ, ಈ ಎರಡರ ಹೊಂದಿಕೆಯೇ ನಮ್ಮ ನಾಡಿನ ಕಲೆಯ ಹಳೆಯ ಆದರ್ಶವೆಂದು ತಿಳಿದುಬರುತ್ತದೆ.

ಈ ಹೊಂದಿಕೆಯು ಎಲ್ಲಿ ನಡೆಯಿತು? ಗುರುಕುಲದಲ್ಲಿ ನಡೆದುದಕ್ಕಿಂತ ಹೆಚ್ಚಾಗಿ ಉತ್ಸವದ ಬೀದಿಯಲ್ಲಿ ನಡೆಯಿತು. ಇದಕ್ಕೆ ಕಲ್ಯಾಣದ ಒಂದು ವೃತ್ತಾಂತವು ಸಾಕ್ಷಿಯಾಗಿದೆ. ಚಾಳುಕ್ಯಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ‘ಮಾನಸೋಲ್ಲಾಸ’ವೆಂಬ ಮಹಾಗ್ರಂಥವನ್ನು ರಚಿಸಿದನು. ಅದರಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ಬೇರೆಬೇರೆ ವಿನೋದಪ್ರಕರಣಗಳಿವೆ. ಕುಟ್ಟುವಾಗ ತ್ರಿಪದಿ, ಮದುವೆಯಲ್ಲಿ ಧವಳ, ಉತ್ಸವದಲ್ಲಿ ಮಂಗಳ, ಯೋಗಿಜನರಲ್ಲಿ ಚರ್ಯಾ, ಹೀಗೆ ಯಾವ ಹಾಡು ಯಾರ ಬಾಯಲ್ಲಿ, ಯಾವ ಸಮಯದಲ್ಲಿ ಸಲ್ಲುವುದೆಂಬುದನ್ನು ಚಕ್ರವರ್ತಿಯು ಆದರದಿಂದ ಹೇಳಿರುವನು. ಒನಕೆ ಹಿಡಿದವಳ ಹಾಡು ಸಂಸ್ಕೃತಶ್ಲೋಕದಲ್ಲಿ ಸ್ಥಾನ ಪಡೆದುದು ಅಲ್ಪವಾದ ಸಂಗತಿಯಲ್ಲ. ಈ ಸೋಮೇಶ್ವರನನ್ನು ಕುರಿತು ಕಾಕತೀಯ ಗಣಪತಿದೇವನ ಗಜಸೇನಾಧಿಪತಿಯಾದ ಜಾಯಸೇನಾಪತಿಯು 1253–54ರಲ್ಲಿ ರಚಿತವಾದ ತನ್ನ ‘ನೃತ್ತರತ್ನಾವಳಿ’ಯಲ್ಲಿ ಒಂದು ಮಾತನ್ನು ಹೇಳುತ್ತಾನೆ: ಕಲ್ಯಾಣನಗರದ ಭೂತಮಾತೃಮಹೋತ್ಸವದಲ್ಲಿ ಭಿಲ್ಲಸ್ತ್ರೀಯ ವೇಷವನ್ನು ತಾಳಿದ್ದ ಒಬ್ಬಳು ಕುಣಿಯುತ್ತಿದ್ದುದನ್ನು ಅರಸನು ಕುತೂಹಲದಿಂದ ನೋಡಿ, ಆ ಕುಣಿತವನ್ನು ಅಳವಡಿಸಿ, ಅದಕ್ಕೆ ಗೊಂಡಲಿಯೆಂಬ ಹೆಸರನ್ನು ರೂಢಿಗೆ ತಂದನು. ಕಾಡಿನವರ ನೃತ್ಯವು ಊರಹಬ್ಬಕ್ಕೆ ಬಂದು, ಅಲ್ಲಿಂದ ಅರಮನೆಗೆ ಏರಿ, ಕಡೆಗೆ ತೆಲುಗುನಾಡಿನ ಶಾಸ್ತ್ರಗ್ರಂಥದಲ್ಲಿ ಲಕ್ಷಣವನ್ನು ಪಡೆಯಿತು. ಆದರೆ ಕುಣಿದವಳ ಹೆಸರನ್ನು ಜಾಯಸೇನಾಪತಿಯು ಬರೆಯಲಿಲ್ಲ. ನೋಡಿದವನ ಹೆಸರನ್ನು ಮಾತ್ರ ಬರೆದನು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇನ್ನು ವಿಜಯನಗರಕ್ಕೆ ಬರೋಣ. 1443ರಲ್ಲಿ ಹಿರಾತಿನ ಶಾರುಖ್ ಸುಲ್ತಾನನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ಇಮ್ಮಡಿ ದೇವರಾಯನ ಮಹಾನವಮಿಯನ್ನು ಕಣ್ಣಾರೆ ಕಂಡು, ರಾಜ್ಯದ ಸಾಮಂತರೆಲ್ಲರೂ ಆನೆಗಳೊಡನೆ ಬಂದು ನೆರೆದುದನ್ನೂ, ಗಾಯಕರು, ಕಥೆ ಹೇಳುವವರು, ನರ್ತಕಿಯರು ತಂತಮ್ಮ ವಿದ್ಯೆಯನ್ನು ತೋರಿಸಿದುದನ್ನೂ ವರ್ಣಿಸಿರುವನು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಪೋರ್ತುಗೀಸರ ಡೊಮಿಂಗೋ ಪಾಯಸನು ಒಂಬತ್ತು ದಿನಗಳ ಉತ್ಸವವನ್ನು ಇನ್ನೂ ವಿಸ್ತಾರವಾಗಿ ಬರೆದನು: ಹಗಲಿನಲ್ಲಿ ನರ್ತಕಿಯರು, ಜಟ್ಟಿಗಳು, ರಾತ್ರಿಯಲ್ಲಿ ದೀವಟಿಗೆಗಳು, ಬಾಣಬಿರುಸುಗಳು, ಕೊನೆಗೆ ಸೇನೆಯ ದರ್ಶನ. ದೇವಾಲಯದ ನರ್ತಕಿಯರು ಅರಸಿಯರ ಸಮಕ್ಷದಲ್ಲಿ ಕುಳಿತು ಅವರೊಡನೆ ತಾಂಬೂಲವನ್ನು ಮೆಲ್ಲಬಹುದಾಗಿದ್ದಿತೆಂದೂ, ಈ ಮರ್ಯಾದೆಯು ಬೇರೆ ಯಾರಿಗೂ ಇರಲಿಲ್ಲವೆಂದೂ ಅವನು ಆಶ್ಚರ್ಯದಿಂದ ಹೇಳಿದ್ದಾನೆ. ಹಂಪೆಯ ಮಹಾನವಮಿ ದಿಬ್ಬದ ಶಿಲಾಪಟ್ಟಿಕೆಗಳಲ್ಲಿ ಆನೆ, ಕುದುರೆ, ಒಂಟೆ, ಬೇಟೆಗಾರರು, ನರ್ತಕಿಯರು, ಇವರ ಜೊತೆಗೆ ಟೋಪಿ ನಿಲುವಂಗಿಗಳನ್ನು ಧರಿಸಿದ ತುರುಕರೂ ಕಾಣಿಸಿಕೊಂಡಿರುವರು. ಬೇರೆ ನಾಡಿನವನು ತನ್ನ ಉಡುಪಿನಲ್ಲಿಯೇ ಉತ್ಸವದ ಕಲ್ಲಿನಲ್ಲಿ ಉಳಿದನು. ಅವನಿಗೆ ಶಿಲ್ಪಿಯು ಪಂಚೆಯನ್ನು ಉಡಿಸಲಿಲ್ಲ.

ಆದರೆ ಇದರ ಮತ್ತೊಂದು ಮುಖವನ್ನೂ ಹೇಳಬೇಕು. ಅಚ್ಯುತರಾಯನ ಕಾಲದಲ್ಲಿದ್ದ ನೂನಿಜನು, ಈ ನವರಾತ್ರಿಯ ದಿನಗಳಲ್ಲಿಯೇ ನಾಯಕರು ಅರಸನಿಗೆ ಸಲ್ಲತಕ್ಕ ಹಣವನ್ನು ಒಪ್ಪಿಸುತ್ತಿದ್ದರೆಂದು ಬರೆದಿದ್ದಾನೆ. ಎಂದರೆ ಮಹಾನವಮಿಯು ಕಲೆಗಳ ಕೂಟವಾಗಿದ್ದಂತೆಯೇ ಕಪ್ಪಕಾಣಿಕೆಯ ಗಡುವೂ ಆಗಿದ್ದಿತು. ಅಲ್ಲಿ ನಾನಾ ನಾಡಿನ ಕುಣಿತಗಳು ಒಂದಕ್ಕೊಂದು ಎದುರಾಗಿ ನಿಲ್ಲಲಿಲ್ಲ. ಎಲ್ಲವೂ ಸಿಂಹಾಸನಕ್ಕೆ ಎದುರಾಗಿ ನಿಂತವು. ಆದುದರಿಂದಲೇ 1565ರಲ್ಲಿ ಸಿಂಹಾಸನವು ಉರುಳಿದೊಡನೆ ದಿಬ್ಬವು ಬರಿದಾಯಿತು.

ವಿಜಯಾಪುರದ ಇಮ್ಮಡಿ ಇಬ್ರಾಹಿಂ ಆದಿಲಶಾಹನ (1580–1627) ಉದಾಹರಣೆಯೂ ಇದನ್ನೇ ಹೇಳುತ್ತದೆ. ಈ ಸುಲ್ತಾನನು ‘ಕಿತಾಬ್–ಎ–ನವರಸ್’ ಎಂಬ ಗೀತಸಂಗ್ರಹವನ್ನು ದಖನಿ ಭಾಷೆಯಲ್ಲಿ ರಚಿಸಿ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಕಲಬುರಗಿಯ ಬಂದೇನವಾಜರನ್ನೂ ಸಮಾನಭಕ್ತಿಯಿಂದ ಸ್ತುತಿಸಿದನು. ಭರತಮುನಿಯ ರಸಸಿದ್ಧಾಂತದ ಹೆಸರಿನಲ್ಲಿ ನವರಸಪುರವೆಂಬ ನಗರವನ್ನೇ 1599ರಲ್ಲಿ ಕಟ್ಟಲಾರಂಭಿಸಿದನು. 1624ರಲ್ಲಿ ಅಹಮದನಗರದ ಮಲಿಕ್ ಅಂಬರನು ಆ ನಗರವನ್ನು ಹಾಳುಮಾಡಿದನು. ಅರಸನ ಅಭಿರುಚಿಯೊಂದನ್ನೇ ನಂಬಿದ ಸಮಾಗಮವು ಎಷ್ಟೇ ಸುಂದರವಾಗಿದ್ದರೂ ಅದರ ಆಯುಸ್ಸು ಅರಸನ ಆಯುಸ್ಸಿಗೆ ಕಟ್ಟುಬಿದ್ದಿರುವುದು.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ಮಹಾನವಮಿಯನ್ನು ಮುಂದುವರಿಸಿದರು. ಗೋವಿಂದವೈದ್ಯನು 1648ರಲ್ಲಿ ರಚಿಸಿದ ‘ಕಂಠೀರವ ನರಸರಾಜ ವಿಜಯ’ದಲ್ಲಿ ಆ ಉತ್ಸವದ ವಿಸ್ತಾರವಾದ ವರ್ಣನೆಯಿದೆ. ಅದೇ ಮೈಸೂರಿನ ದಸರೆಯಾಗಿ ಬೆಳೆಯಿತು. 1971ರಲ್ಲಿ ರಾಜಧನವು ರದ್ದಾದ ಮೇಲೆ ಅದು ಸರ್ಕಾರವು ನಡೆಸುವ ನಾಡಹಬ್ಬವಾಗಿ ಉಳಿದುಕೊಂಡಿತು; ಜಂಬೂಸವಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿಯ ವಿಗ್ರಹವು ಅಂಬಾರಿಯನ್ನು ಏರಿತು. ಈಗ ಆ ಮೆರವಣಿಗೆಯಲ್ಲಿ ಡೊಳ್ಳು, ವೀರಗಾಸೆ, ಕಂಸಾಳೆ, ಪೂಜಾಕುಣಿತ ಮೊದಲಾದುವೆಲ್ಲ ಒಂದೇ ಬೀದಿಯಲ್ಲಿ ನಡೆಯುವುದನ್ನು ಲಕ್ಷಾಂತರ ಜನರು ನೋಡುವರು.

ಇವು ರಾಜೋತ್ಸವಗಳ ಮಾತು. ಆದರೆ ದೊಡ್ಡಬಳ್ಳಾಪುರದ ಸೀಮೆಯಲ್ಲಿ ಅರಸೊತ್ತಿಗೆಯು ಒಂದೆಡೆ ನಿಂತುದಿಲ್ಲ. ಆವತಿಯ ನಾಡಪ್ರಭುಗಳ ಬಳಿಕ 17ನೆಯ ಶತಮಾನದಲ್ಲಿ ವಿಜಯಾಪುರದವರು ಬಂದರು. ಈ ಸೀಮೆಯು ಷಹಾಜಿಯ ಜಾಗೀರಿಗೆ ಸೇರಿತು. ತರುವಾಯ ಮೊಗಲರ ಶಿರಾ ಸುಭಾದ ಒಂದು ಪರಗಣೆಯಾಯಿತು. ಮುಂದೆ ಹೈದರಾಲಿಗೆ ಸೇರಿತು. ಬಂದವರು ಹೋದರೂ ಅವರೊಡನೆ ಬಂದ ಜನರು ಇಲ್ಲಿಯೇ ಉಳಿದರು. ಮಗ್ಗದ ಮನೆಗಳಲ್ಲಿ ಕನ್ನಡ ತೆಲುಗುಗಳೆರಡೂ ಕೇಳಿಬರುವುವು. ಗೌರಿಬಿದನೂರಿನ ದಾರಿಯಾಗಿ ಹೋದರೆ ಹಿಂದೂಪುರವು ಹತ್ತಿರವೇ ಇದೆ. ಹೀಗಿರಲು ನಮ್ಮ ಉತ್ಸವಗಳಲ್ಲಿ ಹಲವು ಭಾಷೆಗಳು ಕೂಡಿರುವುದು ಸಹಜವು. ನಮ್ಮ ಕಡೆಯ ಮೂಡಲಪಾಯದ ಆಟದಲ್ಲಿ ಕನ್ನಡದ ಪದ್ಯಗಳ ನಡುವೆ ತೆಲುಗು ಸುಳಿಯುವುದುಂಟು. ತೊಗಲುಗೊಂಬೆಯಾಡಿಸುವ ಕಿಳ್ಳೇಕ್ಯಾತರು ಮನೆಯಲ್ಲಿ ಮರಾಠಿಯ ಒಂದು ಬಗೆಯನ್ನು ಆಡಿಕೊಂಡು, ಪರದೆಯ ಹಿಂದೆ ಕುಳಿತಾಗ ರಾಮಾಯಣವನ್ನು ಕನ್ನಡದಲ್ಲಿ ಹೇಳುವರು. ಬೆಂಗಳೂರಿನಲ್ಲಿ ಚೈತ್ರಶುದ್ಧ ಪೌರ್ಣಮಿಯ ರಾತ್ರಿ ಧರ್ಮರಾಯಸ್ವಾಮಿಯ ಗುಡಿಯಿಂದ ಹೊರಡುವ ತಿಗಳರ ಕರಗವು, ಖಡ್ಗ ಹಿಡಿದ ವೀರಕುಮಾರರೊಡನೆ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿ ಬರುವುದು ಪ್ರಸಿದ್ಧವಾಗಿದೆ. ಇದಕ್ಕೆ ಯಾವ ಸಿಂಹಾಸನದ ಅಪ್ಪಣೆಯೂ ಬೇಕಾಗಲಿಲ್ಲ.

ಅರಸರಿಲ್ಲದ ಈ ಉತ್ಸವಗಳು ಹೇಗೆ ಬದುಕಿದವು? ಪ್ರತಿಯೊಂದು ಕುಲಕ್ಕೂ ಉತ್ಸವದಲ್ಲಿ ಒಂದು ಕೆಲಸವೂ, ಆ ಕೆಲಸಕ್ಕೆ ಒಂದು ಮಾನ್ಯವೂ ಗೊತ್ತಾಗಿದ್ದವು. ಓಲಗದವರಿಗೆ ಇನಾಮು ಭೂಮಿ, ತೋಟಿಗೆ ಒಕ್ಕಲಿನ ಕಣದಲ್ಲಿ ಪಾಲು, ಹೀಗೆ ಏರ್ಪಾಡಿದ್ದುದರಿಂದ ಕಾಲವು ಕೆಟ್ಟರೂ ವಾದ್ಯವು ನಿಲ್ಲಲಿಲ್ಲ. ಇದು ಆ ವ್ಯವಸ್ಥೆಯ ಗುಣವು. ಅದರ ದೋಷವನ್ನು ಮುಚ್ಚಿಡುವುದು ಚರಿತ್ರಕಾರನಿಗೆ ತಕ್ಕುದಲ್ಲ. ತೇರಿನ ಮುಂದೆ ತಮಟೆ ಬಾರಿಸಿದವನು ಗುಡಿಯ ಹೊಸ್ತಿಲನ್ನು ದಾಟುವಂತಿರಲಿಲ್ಲ. ಅವನ ನಾದವು ಗರ್ಭಗುಡಿಯವರೆಗೆ ಹೋಗುತ್ತಿದ್ದಿತು, ಅವನು ಹೋಗುವಂತಿರಲಿಲ್ಲ. ಅರಸಿಯರೊಡನೆ ತಾಂಬೂಲ ಮೆಲ್ಲುತ್ತಿದ್ದ ನರ್ತಕಿಯರ ಪರಂಪರೆಯೂ ಕಾಲಾಂತರದಲ್ಲಿ ನಿಂದೆಗೆ ಗುರಿಯಾಗಿ, 1909ರಲ್ಲಿ ಮೈಸೂರು ಸರ್ಕಾರವು ದೇವಾಲಯಗಳಲ್ಲಿ ಅವರ ಸೇವೆಯನ್ನು ನಿಲ್ಲಿಸಿತು. ಆ ಪದ್ಧತಿಯು ಹೋದುದು ನ್ಯಾಯವೇ. ಆದರೆ ವಿದ್ಯೆಯನ್ನು ಕಾಪಾಡಿದವರಿಗೆ ಬದಲಾಗಿ ಏನು ದೊರೆಯಿತೆಂದು ಕೇಳಿದವರು ವಿರಳ. 1955ರ ಶಾಸನದಿಂದ ಧಾರ್ಮಿಕ ಇನಾಮುಗಳೂ, 1961ರ ಶಾಸನದಿಂದ ತೋಟಿ ಮೊದಲಾದ ಗ್ರಾಮವೃತ್ತಿಗಳೂ ರದ್ದಾದವು. ಅವಮಾನದ ಕಟ್ಟು ಬಿಚ್ಚಿತು. ಅದರೊಡನೆ ಅನ್ನದ ಕಟ್ಟೂ ಬಿಚ್ಚಿತು.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ತಮಟೆಯ ಮನೆಯ ಹುಡುಗನೊಬ್ಬನನ್ನು ಬಾರಿಸೆಂದು ಕೇಳಿದಾಗ, ಅವನು ತಲೆ ತಗ್ಗಿಸಿ, “ಸಾರ್, ಅದು ನಮ್ಮಪ್ಪ ಸಾವಿಗೆ ಬಡಿಯೋದು, ನಾನು ಮುಟ್ಟಲ್ಲ” ಎಂದನು. ಮಿಕ್ಕ ಹುಡುಗರು ಕೋಲಾಟ ಆಡಿದರು. ಅವನು ಹಿಂದಿನ ಸಾಲಿನಲ್ಲಿ ಕುಳಿತು ಬೆರಳಿನಿಂದ ಬೆಂಚಿನ ಮೇಲೆ ತಾಳ ಹಾಕುತ್ತಿದ್ದನು. ಅವನ ನಿರಾಕರಣೆಯು ಅವಿವೇಕವಲ್ಲ. ತಲೆತಲಾಂತರದಿಂದ ಬಂದ ಅಗೌರವವನ್ನು ಅವನು ತನ್ನ ಪಾಲಿಗೆ ನಿಲ್ಲಿಸಿದನು. ಜನಪದಕಲೆಯು ಅಳಿಯುತ್ತಿದೆಯೆಂದು ವೇದಿಕೆಯ ಮೇಲೆ ಮರುಗುವವರು ಮೊದಲು ಈ ಹುಡುಗನಿಗೆ ಉತ್ತರವನ್ನು ಹೇಳಬೇಕಾಗಿದೆ.

ಉತ್ತರವು ಅಸಾಧ್ಯವಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. 1906ರಲ್ಲಿ ಕಡೂರು ತಾಲ್ಲೂಕಿನ ತಂಗಲಿ ತಾಂಡ್ಯದ ಲಂಬಾಣಿ ಮನೆಯೊಂದರಲ್ಲಿ ಹುಟ್ಟಿದ ವೆಂಕಟಲಕ್ಷಮ್ಮನವರು ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರಲ್ಲಿ ಶಿಷ್ಯವೃತ್ತಿಯನ್ನು ಮಾಡಿ, ಅರಮನೆಯ ಆಸ್ಥಾನವಿದುಷಿಯಾಗಿ, ಮೈಸೂರು ಶೈಲಿಯ ಭರತನಾಟ್ಯಕ್ಕೆ ಆಧಾರಸ್ತಂಭವೆನಿಸಿ, 1992ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದರು. ಕಲ್ಯಾಣದ ಬೀದಿಯಲ್ಲಿ ಕುಣಿದವಳ ಹೆಸರು ನಮಗೆ ಉಳಿಯಲಿಲ್ಲ. ತಾಂಡ್ಯದಲ್ಲಿ ಹುಟ್ಟಿದ ಈಕೆಯ ಹೆಸರು ಉಳಿಯಿತು. ಎಂಟು ಶತಮಾನಗಳಲ್ಲಿ ನಾವು ಮುಂದೆ ಬಂದ ದೂರವು ಇಷ್ಟು. ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದುದೂ ಇದೇ ದಾರಿಯ ಕಾರ್ಯವು.

ಆದರೆ ಪ್ರತಿಯೊಂದು ಊರಿಗೂ ಅರಮನೆಯಾಗಲಿ ಪರಿಷತ್ತಾಗಲಿ ಬರಲಾರದು. ದೊಡ್ಡಬೆಳವಂಗಲದಂಥ ಹೋಬಳಿಗಳಲ್ಲಿ ಜಾತ್ರೆಯನ್ನು ನಡೆಸುವವರು ಊರಿನ ಹಿರಿಯರು. ಅವರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಮೇಳಗಳನ್ನು ಕರೆಸುವಾಗ ಪ್ರತಿಯೊಬ್ಬ ಕಲಾವಿದನ ಹೆಸರನ್ನು ಆಹ್ವಾನಪತ್ರಿಕೆಯಲ್ಲಿ ಅಚ್ಚುಮಾಡಿಸಿರಿ. ‘ತಮಟೆಯವರು’ ಎಂದು ಬರೆದು ಸುಮ್ಮನಾಗಬೇಡಿರಿ. ಸಂಭಾವನೆಯನ್ನು ಮೊದಲೇ ಗೊತ್ತುಮಾಡಿ ಬಹಿರಂಗವಾಗಿ ಕೊಡಿರಿ. ಅದನ್ನು ಭಿಕ್ಷೆಯಂತೆ ರಾತ್ರಿಯ ಕೊನೆಯಲ್ಲಿ ಎಸೆಯಬೇಡಿರಿ. ರಾತ್ರಿಯೆಲ್ಲ ನಡೆಯತಕ್ಕ ಆಟವನ್ನು ಹತ್ತು ನಿಮಿಷಕ್ಕೆ ಕತ್ತರಿಸಿ ಭಾಷಣಕ್ಕೆ ಎಡೆ ಮಾಡಬೇಡಿರಿ. ಎಲ್ಲಕ್ಕಿಂತ ಮಿಗಿಲಾಗಿ, ನಾದಸ್ವರದ ವಿದ್ವಾಂಸನಿಗೆ ಯಾವ ತಟ್ಟೆಯಲ್ಲಿ ಫಲತಾಂಬೂಲವನ್ನು ಕೊಡುವಿರೋ ಅದೇ ತಟ್ಟೆಯಲ್ಲಿ, ಅದೇ ಮಂಟಪದಲ್ಲಿ, ತಮಟೆಯ ವಿದ್ವಾಂಸನಿಗೂ ಕೊಡಿರಿ. ಊಟದ ಪಂಕ್ತಿಯಲ್ಲಿಯೂ ಅವನನ್ನು ಜೊತೆಗೆ ಕುಳ್ಳಿರಿಸಿರಿ.

ಮತಂಗಮುನಿಯು ಗ್ರಂಥದಲ್ಲಿ ಹಾಕಿದ ಪಂಕ್ತಿಯನ್ನು ನಾವು ಊರಿನಲ್ಲಿ ಹಾಕಲಾರೆವೆ? ಸಿಂಹಾಸನದ ಎದುರಿಗೆ ನೆರೆದ ಕಲೆಗಳು ಸಿಂಹಾಸನದೊಡನೆ ಹೋದವು. ಅವಮಾನದೊಡನೆ ಕಟ್ಟಿದ ಕಲೆಗಳು ಅವಮಾನದೊಡನೆ ಹೋಗುತ್ತಿವೆ. ಗೌರವದೊಡನೆ ಕಟ್ಟಿದುದು ಮಾತ್ರ ಮುಂದಿನವರ ಕೈಗೆ ಸೇರುವುದು. ಆ ಹುಡುಗನ ಮಕ್ಕಳು ಮನಸ್ಸು ಬಂದರೆ ತಮಟೆಯನ್ನು ಹಿಡಿಯಲಿ, ಇಲ್ಲದಿದ್ದರೆ ವೀಣೆಯನ್ನು ಹಿಡಿಯಲಿ. ವೀಣೆಯ ಮನೆಯ ಮಕ್ಕಳೂ ತಮಟೆಯನ್ನು ಕಲಿಯಲಿ. ಹಾಗಾದ ದಿನ ಮಾರ್ಗ ದೇಶಿಗಳ ಸಮಾಗಮವು ನಮ್ಮ ಜಾತ್ರೆಯಲ್ಲಿ ನಿಜವಾಗಿ ನಡೆಯಿತೆಂದು ಹೇಳಬಹುದು. ಇತ್ಯಲಮ್.