ಚಮಚದ ಬೆನ್ನಿನ ಮೇಲಿನ 1847: ಬೆಳ್ಳಿ ಲೇಪದ ಸಾಮಾನಿನ ಕಾಲನಿರ್ಣಯ ಕುರಿತ ಟಿಪ್ಪಣಿ

ಅಮೆರಿಕದ ಹಳೆಯ ಬೆಳ್ಳಿ ಲೇಪದ ಚಮಚ, ಫೋರ್ಕುಗಳ ಹಿಂಬದಿಯಲ್ಲಿ ‘1847 ರೋಜರ್ಸ್ ಬ್ರೋಸ್.’ ಎಂಬ ಮುದ್ರೆ ಮತ್ತೆ ಮತ್ತೆ ಕಾಣಸಿಗುತ್ತದೆ. ಮಾರುವವರೂ ಕೊಳ್ಳುವವರೂ ಅದನ್ನು ತಯಾರಿಕೆಯ ಇಸವಿ ಎಂದು ಓದಿ, 20ನೇ ಶತಮಾನದ ವಸ್ತುವನ್ನು ಅರ್ಧ ಶತಮಾನಕ್ಕೂ ಹೆಚ್ಚು ಹಿಂದಕ್ಕೆ ತಳ್ಳುವುದುಂಟು. ನನ್ನ ವಾದವಿದು: ಮುದ್ರೆಯಿಂದ ತಯಾರಕರ ಮನೆತನ ತಿಳಿಯುತ್ತದೆ, ಕಾಲವನ್ನು ಹಿಡಿಯ ಮೇಲಿನ ವಿನ್ಯಾಸದಲ್ಲಿ ಹುಡುಕಬೇಕು.

ವಿಲಿಯಂ, ಏಸಾ, ಸಿಮಿಯನ್ ರೋಜರ್ಸ್ ಎಂಬ ಅಣ್ಣತಮ್ಮಂದಿರು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ 1847ರ ಹೊತ್ತಿಗೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ ಚಮಚಗಳನ್ನು ಮಾರುತ್ತಿದ್ದರು. 1862ರಲ್ಲಿ ಅವರ ಹೆಸರಿನ ಮುದ್ರೆ ಮೆರಿಡನ್ ಬ್ರಿಟಾನಿಯಾ ಕಂಪನಿಯ ಕೈಸೇರಿತು. ರೋಜರ್ಸ್ ಎಂಬ ಹೆಸರು ಹೊತ್ತ ಬೇರೆ ಕಂಪನಿಗಳೂ ಆಗ ಇದ್ದುದರಿಂದ, 1847 ಎಂಬುದು ಮೂಲ ಮನೆತನವನ್ನು ಸಾರುವ ವ್ಯಾಪಾರ ಚಿಹ್ನೆಯಾಯಿತು. 1898ರಲ್ಲಿ ಮೆರಿಡನ್ ಮತ್ತಿತರ ಕಂಪನಿಗಳು ಸೇರಿ ಇಂಟರ್‌ನ್ಯಾಷನಲ್ ಸಿಲ್ವರ್ ಕಂಪನಿಯಾದವು. ಅಂಕಿ ಮಾತ್ರ ಹಾಗೆಯೇ ಉಳಿಯಿತು. 1937ರಲ್ಲಿ ಹೊರಬಂದ ‘ಫಸ್ಟ್ ಲವ್’ ವಿನ್ಯಾಸದ ಚಮಚದ ಮೇಲೂ 1847 ಇರುವುದು ಇದಕ್ಕೆ ಸಾಕ್ಷಿ.

ವಿನ್ಯಾಸದ ಗುರುತಿಸುವಿಕೆಯೇ ನಿಜವಾದ ಕಷ್ಟದ ಕೆಲಸ. ದ್ರಾಕ್ಷಿ ಗೊಂಚಲಿನ ‘ವಿಂಟೇಜ್’ ವಿನ್ಯಾಸವನ್ನು ತೆಗೆದುಕೊಳ್ಳೋಣ. 1847 ರೋಜರ್ಸ್ ಮುದ್ರೆಯಡಿ ಅದು ಬಂದದ್ದು 1904ರಲ್ಲಿ. ಅಮೆರಿಕನ್ ಸಿಲ್ವರ್ ಕಂಪನಿಯ ‘ಮೊಸೆಲ್’ 1906ರದು, ‘1881 ರೋಜರ್ಸ್’ ಮುದ್ರೆಯ ‘ಲಾ ವಿನ್ಯ್’ 1908ರದು. ಮೂರರಲ್ಲೂ ದ್ರಾಕ್ಷಿಯಿದೆ, ಮೂರನೆಯದರಲ್ಲಿ ಇನ್ನೊಂದು ದಾರಿ ತಪ್ಪಿಸುವ ಇಸವಿಯೂ ಇದೆ! ಆದ್ದರಿಂದ ಹಣ್ಣನ್ನು ನೋಡಿ ಹೆಸರಿಡುವುದು ಸಲ್ಲದು. ಹಿಡಿಯ ತುದಿಯ ಹೊರರೇಖೆ, ಗೊಂಚಲು ಎಲ್ಲಿಂದ ಇಳಿಯುತ್ತದೆ, ಬಳ್ಳಿ ಎತ್ತ ಬಾಗುತ್ತದೆ, ಹಿಂಬದಿಯಲ್ಲಿ ಚಿತ್ತಾರವಿದೆಯೇ ಎಂಬುದನ್ನು ಒಟ್ಟಿಗೆ ಹೊಂದಿಸಿ ನೋಡಬೇಕು. ಹೋಲಿಕೆಯೂ ಟೀ ಚಮಚದೊಂದಿಗೆ ಟೀ ಚಮಚಕ್ಕೇ ಆಗಬೇಕು, ಏಕೆಂದರೆ ಬಡಿಸುವ ದೊಡ್ಡ ಚಮಚದ ಅಗಲ ಹಿಡಿಯಲ್ಲಿ ಅದೇ ಚಿತ್ತಾರ ಬೇರೆ ರೀತಿ ಹರಡಿಕೊಳ್ಳಬಹುದು.

ಉಳಿದ ಗುರುತುಗಳ ಬಗ್ಗೆ ಎರಡು ಮಾತು. ‘ಎ1’, ‘ಟ್ರಿಪಲ್’ ಎಂಬವು ಲೇಪದ ದರ್ಜೆ ಸೂಚಿಸುತ್ತವೆ. ಜರ್ಮನಿಯ ಡಬ್ಲ್ಯೂಎಂಎಫ್ ಸಾಮಾನಿನ ಮೇಲಿನ 90 ಕೂಡ ಶೇಕಡಾವಾರು ಬೆಳ್ಳಿಯ ಲೆಕ್ಕವಲ್ಲ; 12 ಚಮಚ, 12 ಫೋರ್ಕುಗಳಿಗೆ ಒಟ್ಟು ಬಳಸಿದ ಬೆಳ್ಳಿಯ ಗ್ರಾಂ ತೂಕ. ಪೇಟೆಂಟ್ ದಿನಾಂಕ ಒತ್ತಿದ್ದರೆ ಅದು ವಿನ್ಯಾಸಕ್ಕೆ ಸೇರಿದ್ದು, ಕೈಯಲ್ಲಿರುವ ಚಮಚಕ್ಕಲ್ಲ.

ಮುದ್ರೆ ಓದುವ ಮುನ್ನ ದಯವಿಟ್ಟು ಪಾಲಿಶ್ ಮಾಡಬೇಡಿ. ಲೇಪ ತೆಳುವಾದದ್ದು, ತಿಕ್ಕಿದಷ್ಟೂ ಸವೆದು, ಅಡಿಯ ಲೋಹ, ಬಹುಪಾಲು ನಮ್ಮವರು ಜರ್ಮನ್ ಸಿಲ್ವರ್ ಎನ್ನುವ ಮಿಶ್ರಲೋಹ, ಮೇಲೆ ಬರುತ್ತದೆ. ಓರೆಯಾಗಿ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಸವೆದ ಅಕ್ಷರಗಳ ಅಂಚು ಎದ್ದು ಕಾಣುತ್ತದೆ.

ವಿನ್ಯಾಸ ಖಚಿತವಾದಾಗಲೂ ಸಿಗುವುದು ಕಾಲದ ಆರಂಭದ ಗಡಿ ಮಾತ್ರ, ಏಕೆಂದರೆ ಜನಪ್ರಿಯ ಅಚ್ಚನ್ನು ವರ್ಷಗಟ್ಟಲೆ ಬಳಸುತ್ತಿದ್ದರು. ಹಾಗಾಗಿ ಸಂಗ್ರಹದ ದಾಖಲೆ ಪುಸ್ತಕದಲ್ಲಿ ಹೀಗೆ ಬರೆಯುವುದು ಸೂಕ್ತ: ‘ಇಂಟರ್‌ನ್ಯಾಷನಲ್ ಸಿಲ್ವರ್ ಕಂಪನಿ, ಮೆರಿಡನ್, ಮುದ್ರೆ 1847 ರೋಜರ್ಸ್ ಬ್ರೋಸ್.; ವಿನ್ಯಾಸ ವಿಂಟೇಜ್; 1904 ಅಥವಾ ಆನಂತರ.’