ಖರ್ಜದ ತಂತಿ

ನಮ್ಮ ರನ್ನ ಬೆಳಗಲಿಯಲ್ಲಿ 'ಬೇಸ್' ಎಂಬ ಶಬ್ದ ಗೊತ್ತಿಲ್ಲದ ಹುಡುಗನಿಲ್ಲ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡೇ ಫ್ಯಾಕ್ಟರಿಯ ಹಾದಿ ಹಿಡಿಯುತ್ತವೆ. ಟ್ರ್ಯಾಕ್ಟರು ಕಾಣುವ ಮೊದಲೇ ಅದರ ಧಮ್ ಧಮ್ ಎದೆಗೆ ಬಡಿಯುತ್ತದೆ. ಅಡಿಗೆ ಮನೆಯ ಮಾಡದಲ್ಲಿಟ್ಟ ಹಿತ್ತಾಳೆಯ ಗಿಂಡಿ ನಡುಗುತ್ತದೆ. "ಬೇಸ್ ಮಸ್ತ್ ಐತಿ ನೋಡ್ರಿ ಅಕ್ಕೋರ" ಎಂದು ನನ್ನ ಹಳೆಯ ವಿದ್ಯಾರ್ಥಿಯೇ ಆದ ಡ್ರೈವರ್ ಹಲ್ಲು ಕಿರಿಯುತ್ತಾನೆ. "ಇಳಿಸೋ ಮಾರಾಯಾ, ಮಕ್ಕಳ ಪರೀಕ್ಷಾ ಅದಾವ" ಎಂದು ನಾನು ಗದರುತ್ತೇನೆ.

ಹೀಗೆ ಗದರುವ ನನ್ನ ಹೊಟ್ಟೆಯಲ್ಲೇ ಬೇಸ್ ಬಾರಿಸುವವನು ಹುಟ್ಟಬೇಕೆ! ಮಗ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ನೌಕರಿ ಹಿಡಿದಿದ್ದ. ಎರಡು ವರ್ಷಕ್ಕೆ ನೌಕರಿ ಬಿಟ್ಟು, ಬೇಸ್ ಗಿಟಾರ್ ಬಾರಿಸುವುದೇ ಇನ್ನು ತನ್ನ ಕಸುಬು ಎಂದ. ಅವನ ಅಪ್ಪ ಎಂಟು ತಿಂಗಳು ಅವನ ಸಂಗಡ ಮಾತಾಡಲಿಲ್ಲ. ನಾನು ಮಾತಾಡಿದೆನಾದರೂ ಊಟವಾಯಿತೇ, ಜ್ವರ ಇಳಿಯಿತೇ ಎಂಬುದರ ಆಚೆಗೆ ಹೋಗಲಿಲ್ಲ.

ಕಷ್ಟವಾದದ್ದು ಊರವರಿಗೆ ಹೇಳುವುದು. ಉಡಿ ತುಂಬುವ ಕಾರ್ಯಕ್ಕೆ ಹೋದಲ್ಲಿ ಒಬ್ಬಾಕೆ ಕೇಳಿದರು: "ಅಕ್ಕೋರ, ನಿಮ್ಮ ಮಗಾ ಹಾಡ್ತಾನಂತಲ್ರಿ?"

"ಇಲ್ರಿ, ಬಾರಸ್ತಾನ."

"ತಬಲಾ ಏನು?"

"ಗಿಟಾರ್. ಅದರಾಗ ಬೇಸ್ ಅಂತ, ದಪ್ಪ ದನೀದು."

"ಅಂದ್ರ ಮುಂದ ನಿಂತು ಬಾರಸಾಂವಲ್ಲ?"

ಅಲ್ಲ ಎಂದೆ. ಆಕೆ ಮರುಕದಿಂದ ನನಗೆ ಇನ್ನೊಂದು ಹೋಳಿಗೆ ಬಡಿಸಿದರು.

ಆ ರಾತ್ರಿ ನನಗೆ ನೆನಪಾದದ್ದು ನನ್ನದೇ ಬಾಲ್ಯ. ತವರುಮನೆ ಜಮಖಂಡಿ. ಹದಿನೈದರ ವಯಸ್ಸಿನಲ್ಲಿ ಸಂಗೀತ ಕಲಿಯಲು ಹೋಗುತ್ತಿದ್ದೆ. ನನ್ನ ಕಂಠ ಅಷ್ಟಕ್ಕಷ್ಟೇ. ಹಾಗಾಗಿ ಕಾರ್ಯಕ್ರಮವಿದ್ದಾಗಲೆಲ್ಲ ಗುರುಗಳ ಹಿಂದೆ ತಂಬೂರಿ ಹಿಡಿದು ಕೂಡುವ ಕೆಲಸ ನನ್ನ ಪಾಲಿಗೆ. ಮಿರಜಿನ ತಂಬೂರಿ ಅದು. ಜಮಖಂಡಿ, ಮಿರಜ ಎರಡೂ ಪಟವರ್ಧನರ ಸಂಸ್ಥಾನಗಳಾಗಿದ್ದ ಊರುಗಳು. ಮಿರಜಿನಲ್ಲಿ ಕತ್ತಿ, ಗುರಾಣಿ ಮಾಡುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿವಾದ್ಯಗಳ ಕಡೆ ಹೊರಳಿದರು. ಆ ಕಸುಬು ಇಂದಿಗೂ ಅಲ್ಲಿ ನಡೆದಿದೆ. 2024ರಲ್ಲಿ ಮಿರಜಿನ ಸಿತಾರ, ತಂಬೂರಿಗಳಿಗೆ ಭೌಗೋಲಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ತಂಬೂರಿಗೆ ನಾಲ್ಕೇ ತಂತಿ. ಮೊದಲನೆಯದು ಸಾಮಾನ್ಯವಾಗಿ ಪಂಚಮ, ನಡುವಿನ ಜೋಡು ತಂತಿ ಷಡ್ಜ, ಕೊನೆಯ ದಪ್ಪ ಹಿತ್ತಾಳೆಯ ತಂತಿ ಮಂದ್ರ ಷಡ್ಜ. ಅದನ್ನೇ ಖರ್ಜ ಅನ್ನುತ್ತಾರೆ. ಮೊದಲ ತಂತಿಗೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಇಷ್ಟೇ ಕೆಲಸ. ಎರಡು ತಾಸು ಇದನ್ನೇ ಮಾಡಬೇಕು. ಒಂದು ಸಲ ನನಗೆ ತೂಕಡಿಕೆ ಬಂದು ಖರ್ಜದ ತಂತಿ ಬಿಟ್ಟುಹೋಯಿತು. ವಿಲಂಬಿತ ಖ್ಯಾಲಿನ ನಡುವಿದ್ದ ಗುರುಗಳು ಒಮ್ಮೆಲೇ ಕತ್ತಲಲ್ಲಿ ಮೆಟ್ಟಿಲು ತಪ್ಪಿದವರಂತೆ ತಡವರಿಸಿ ನನ್ನ ಕಡೆ ತಿರುಗಿ ನೋಡಿದರು. ಅಷ್ಟು ದಿನಗಳಲ್ಲಿ ವೇದಿಕೆಯ ಮೇಲೆ ಯಾರಾದರೂ ನನ್ನನ್ನು ತಿರುಗಿ ನೋಡಿದ್ದು ಅದೊಂದೇ ಸಲ. ಆಮಂತ್ರಣ ಪತ್ರಿಕೆಯಲ್ಲಿ ಹಾಡುವವರ, ತಬಲಾದವರ, ಹಾರ್ಮೋನಿಯಂದವರ ಹೆಸರಿತ್ತು. ನನ್ನದಿರಲಿಲ್ಲ. ಇರಬೇಕೆಂದು ನನಗೂ ಅನ್ನಿಸಿರಲಿಲ್ಲ.

ರಜೆಯಲ್ಲಿ ಬೆಂಗಳೂರಿಗೆ ಹೋದೆ. ಮಗನ ಖೋಲಿಯಲ್ಲಿ ಒಂದು ಹಾಸಿಗೆ, ಒಂದು ಗ್ಯಾಸಿನ ಒಲೆ, ಗೋಡೆಗೆ ಆತ ಆ ನಾಲ್ಕು ತಂತಿಯ ಗಿಟಾರು. ನಾಲ್ಕೇ ತಂತಿ ಎಂದೊಡನೆ ನನಗೆ ಅದರ ಮೇಲಿನ ಸಿಟ್ಟು ಅರ್ಧ ಇಳಿಯಿತು. ಅವನು ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, "ಅವ್ವಾ, ಈಗ ಬೇಸ್ ತಗದೀನಿ, ಕೇಳು" ಎಂದ. ಹಾಡು ಎಲ್ಲ ಇದೆ, ಆದರೆ ನೆಲವಿಲ್ಲ. ಬೇಸ್ ಸೇರಿಸಿದ. ಹಾಡು ಕಾಲೂರಿ ನಿಂತಿತು. ಆಮೇಲೆ ತಾನೇ ಒಂದು ಸ್ವರ ಹಿಡಿದು ಹಾಡುತ್ತ ಕೆಳಗಿನ ತಂತಿಯಲ್ಲಿ ಷಡ್ಜ ಮೀಟಿದ. ಹಾಡುವ ಸ್ವರ ಬದಲಿಸದೆ ತಂತಿಯನ್ನಷ್ಟೇ ಧೈವತಕ್ಕೆ ಇಳಿಸಿದ. ನಗುತ್ತಿದ್ದ ಸ್ವರದ ಮುಖ ಬಾಡಿತು. ಮೇಲಿನ ಸ್ವರಕ್ಕೆ ಅರ್ಥ ಕೊಡುವವನು ಕೆಳಗಿದ್ದಾನೆ! ಗುರುಗಳು ಅಂದು ಯಾಕೆ ತಡವರಿಸಿದರೆಂಬುದು ನಲವತ್ತು ವರ್ಷಕ್ಕೆ ನನಗೆ ತಿಳಿಯಿತು.

ನಾನು ಇತಿಹಾಸ ಕಲಿಸುವವಳು. ಇದಕ್ಕೂ ಒಂದು ಇತಿಹಾಸ ಇರಬೇಕಲ್ಲ ಎಂದೆ. ಅವನು ಮೂರು ರಾತ್ರಿ ಹೇಳಿದ. ಮೊದಲು ಆಳೆತ್ತರದ, ಪಿಟೀಲಿನಂಥದೇ ಆಕಾರದ ಡಬಲ್ ಬೇಸ್ ಇತ್ತು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಹೆಗಲಿಗೆ ಹಾಕಿಕೊಂಡು ಬಾರಿಸುವ ವಿದ್ಯುತ್ ಬೇಸ್ ಮಾರುಕಟ್ಟೆಗೆ ತಂದರು. ಜಾಜ್ ಎಂಬ ಸಂಗೀತದಲ್ಲಿ, ನಮ್ಮ ಆಲಾಪದ ಹಾಗೆ, ಆ ಗಳಿಗೆಗೆ ತೋಚಿದ್ದನ್ನು ಬಾರಿಸುತ್ತಾರೆ. 1959ರಲ್ಲಿ ಮೈಲ್ಸ್ ಡೇವಿಸ್ ಮಾಡಿದ ಹೆಸರಾಂತ ಧ್ವನಿಮುದ್ರಿಕೆಯ ಮೊದಲ ಹಾಡಿನಲ್ಲಿ ಪಲ್ಲವಿ ಹಾಡುವುದೇ ಪಾಲ್ ಚೇಂಬರ್ಸ್‌ನ ಬೇಸ್. ಕಹಳೆ, ಪಿಯಾನೋಗಳು 'ಹೂಂ ಹೂಂ' ಎಂದು ಅದಕ್ಕೆ ಒತ್ತು ಕೊಡುತ್ತವೆ. ಕತೆ ಹೇಳುವ ಅಜ್ಜನಿಗೆ ಮಕ್ಕಳು ಹೂಂಗುಟ್ಟಿದಂತೆ.

ಪ್ರೊಗ್ರೆಸ್ಸಿವ್ ರಾಕ್ ಎಂಬುದು 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ತಲೆಯೆತ್ತಿದ್ದು. ಮೂರು ನಿಮಿಷದ ಹಾಡು ಸಾಲದೆ, ಗ್ರಾಮಫೋನ್ ತಟ್ಟೆಯ ಒಂದು ಬದಿ ತುಂಬುವಷ್ಟು ದೊಡ್ಡ ರಚನೆ ಮಾಡಿ, ನಡುನಡುವೆ ತಾಳವನ್ನೇ ಬದಲಿಸುವವರು ಅವರು. ಅಲ್ಲಿ ಹಾದಿ ತಪ್ಪದಂತೆ ನೋಡುವುದು ಬೇಸಿನ ಕೆಲಸ. 'ಯೆಸ್' ತಂಡದ ಕ್ರಿಸ್ ಸ್ಕ್ವೈರ್ ಬಾಲ್ಯದಲ್ಲಿ ಚರ್ಚಿನ ಮೇಳದಲ್ಲಿ ಹಾಡಿದವನು. ಅವನ ಬೇಸ್ ಕೆಳಗಿದ್ದುಕೊಂಡೇ ಬೇರೊಂದು ಹಾಡು ಹೇಳುತ್ತದೆ. 1968ರಲ್ಲಿ ತಂಡ ಕಟ್ಟಿದಂದಿನಿಂದ 2015ರಲ್ಲಿ ಸಾಯುವವರೆಗೆ, ಗಾಯಕರು ಬದಲಾದರೂ ಅವನು ಕದಲಲಿಲ್ಲ. ಕೆನಡಾದ 'ರಶ್' ತಂಡದ ಗೆಡ್ಡಿ ಲೀ ಹಾಡುತ್ತ, ಬೇಸ್ ಬಾರಿಸುತ್ತ, ಕಾಲಲ್ಲಿ ಇನ್ನೊಂದು ವಾದ್ಯದ ಪೆಡಲ್ ಒತ್ತುತ್ತಿದ್ದ. ಇದು ನನಗೆ ಹೊಸದೆನಿಸಲಿಲ್ಲ. ರೊಟ್ಟಿ ಬಡಿಯುತ್ತ, ಕಾಲಲ್ಲಿ ತೊಟ್ಟಿಲು ತೂಗುತ್ತ, ಹಾಡು ಹೇಳಿದ ನಮ್ಮ ಅತ್ತೆಯವರನ್ನು ನಾನು ನೋಡಿದ್ದೇನೆ.

ಆಮೇಲೆ ಜಾಕೊ ಪಾಸ್ಟೋರಿಯಸ್. ಬೇಸ್ ಗಿಟಾರಿನ ಮೆಟ್ಟಿಲುಗಳನ್ನು ಕಿತ್ತು ಹಾಕಿ ಮೀಂಡ್ ಹೊರಡಿಸಿದವನು. 1976ರಲ್ಲಿ ಬಂದ ಅವನ ಮೊದಲ ಧ್ವನಿಮುದ್ರಿಕೆ ಕೇಳಿದೆ. ದಪ್ಪ ತಂತಿ ಹಕ್ಕಿಯ ಹಾಗೆ ಹಾರುತ್ತಿತ್ತು. "ಈಗ ಎಲ್ಲಿದ್ದಾನ?" ಎಂದೆ. ಮಗ ಸುಮ್ಮನಾದ. ಮನೋರೋಗ, ಕುಡಿತ, ಬೀದಿಯ ಬದುಕು; 1987ರಲ್ಲಿ ಫ್ಲಾರಿಡಾದ ಒಂದು ಕ್ಲಬ್ಬಿನ ಹೊರಗೆ ಹೊಡೆತ ತಿಂದು ಮೂವತ್ತೈದಕ್ಕೇ ಸತ್ತ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎದ್ದು ನೋಡಿದರೆ ಮಗ ಮೊಣಕಾಲು ಮಡಚಿ ಚಿಕ್ಕಂದಿನ ಹಾಗೇ ಮಲಗಿದ್ದ. ಮರುದಿನ ನನ್ನ ಮುಖ ನೋಡಿಯೇ ಅವನು ರಾನ್ ಕಾರ್ಟರ್ ಬಗ್ಗೆ ಹೇಳಿದ: 1937ರಲ್ಲಿ ಹುಟ್ಟಿದವರು, ಎಂಬತ್ತು ದಾಟಿದ ಮೇಲೂ ವೇದಿಕೆ ಏರಿದವರು, 2,221 ಧ್ವನಿಮುದ್ರಿಕೆಗಳಲ್ಲಿ ಬಾರಿಸಿ 2015ರಲ್ಲಿ ಗಿನ್ನೆಸ್ ಪುಸ್ತಕಕ್ಕೆ ಸೇರಿದವರು. "ಅವರು ಕಾಲೇಜಿನ್ಯಾಗ ಮಾಸ್ತರಿಕೀನೂ ಮಾಡ್ಯಾರವ್ವಾ" ಎಂದ. ಮಾಸ್ತರಿಕೆ ಎಂದಮೇಲೆ ಒಂದಿಷ್ಟು ಸಮಾಧಾನವಾಯಿತು.

"ಹೆಂಗಸರು ಯಾರೂ ಇಲ್ಲೇನೋ?" ಎಂದೆ. ಕ್ಯಾರಲ್ ಕೇ ಇದ್ದಳು. ಲಾಸ್ ಏಂಜಲೀಸಿನಲ್ಲಿ ಗಿಟಾರ್ ಬಾರಿಸಿ ಮಕ್ಕಳನ್ನು ಸಾಕುತ್ತಿದ್ದ ತಾಯಿ. 1963ರಲ್ಲಿ ಒಂದು ದಿನ ಬೇಸಿನವನು ಬರಲಿಲ್ಲ, ಆಕೆ ಬಾರಿಸಿದಳು. ಮುಂದೆ ಸಾವಿರಾರು ಹಾಡುಗಳಿಗೆ ಬಾರಿಸಿದಳು. ಜನ ಆ ಹಾಡುಗಳನ್ನು ಗುನುಗುತ್ತಿದ್ದರು, ತಟ್ಟೆಯ ಲಕೋಟೆಯ ಮೇಲೆ ಹೆಚ್ಚಾಗಿ ಆಕೆಯ ಹೆಸರಿರಲಿಲ್ಲ. ಡೆಟ್ರಾಯ್ಟಿನ ಜೇಮ್ಸ್ ಜೇಮರ್ಸನ್‌ನದೂ ಅದೇ ಕತೆ. ಜಾಜ್ ಬಾರಿಸಿ ಬೆಳೆದವನು. ಬಲಗೈಯ ತೋರುಬೆರಳೊಂದರಿಂದಲೇ ಬಾರಿಸುತ್ತಿದ್ದನಂತೆ. ನನ್ನ ತಂಬೂರಿಯ ಬೆರಳು! ಅವನ ಬೇಸಿನ ಮೇಲೆ ಮೋಟೌನ್ ಕಂಪನಿಯ ಎಷ್ಟೋ ಹಾಡುಗಳು ನಿಂತವು. 1971ರಲ್ಲಿ ಮಾರ್ವಿನ್ ಗೇ ಎಂಬ ಗಾಯಕನ ಧ್ವನಿಮುದ್ರಿಕೆಯ ಮೇಲೆ ಅವನ ಹೆಸರು ಬಂತು. ಅಷ್ಟರಲ್ಲಿ ಹತ್ತು ವರ್ಷಕ್ಕೂ ಹೆಚ್ಚು ದುಡಿದಿದ್ದ.

ಇದನ್ನು ಕೇಳುವಾಗ ನನ್ನ ಮನಸ್ಸು ಹುಬ್ಬಳ್ಳಿಗೆ ಹೋಯಿತು. ಗಂಗೂಬಾಯಿ ಹಾನಗಲ್ಲರ ಗಂಭೀರ ದನಿ ಯಾರಿಗೆ ಗೊತ್ತಿಲ್ಲ? ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ದನಿ ಕೆಳಗಿಳಿದಾಗ ಆ ಕೆಳದನಿಯನ್ನೇ ತಮ್ಮ ಐಶ್ವರ್ಯ ಮಾಡಿಕೊಂಡವರು. ಅವರ ಬೆನ್ನ ಹಿಂದೆ ತಂಬೂರಿ ಹಿಡಿದು, ತಾಯಿ ಉಸಿರು ತೆಗೆದುಕೊಳ್ಳುವಲ್ಲಿ ತಾವು ಎತ್ತಿಕೊಂಡು ಹಾಡುತ್ತಿದ್ದವರು ಮಗಳು ಕೃಷ್ಣಾ ಹಾನಗಲ್. ಸ್ವತಃ ನುರಿತ ಗಾಯಕಿ. 2004ರಲ್ಲಿ ತಾಯಿಗಿಂತ ಮೊದಲೇ ಹೋದರು. ಹಿಂದೆ ಕೂಡುವುದು ದೊಡ್ಡ ಗುಣ ಎಂದು ಹೊಗಳುವುದು ಸುಲಭ. ಹೆಂಗಸರಿಗಂತೂ ಆ ಹೊಗಳಿಕೆ ಹುಟ್ಟಿನಿಂದ ಉಂಡ ಊಟ. ಗುಣವನ್ನು ಹೊಗಳಿ ಹೆಸರನ್ನು ಮರೆಯುವುದಾದರೆ ಆ ಹೊಗಳಿಕೆ ಯಾತಕ್ಕೆ?

ನಮ್ಮೂರಿನ ರನ್ನ ಇದನ್ನು ಸಾವಿರ ವರ್ಷದ ಹಿಂದೆಯೇ ತಿಳಿದಿದ್ದ. ಬಳೆಗಾರರ ಮನೆಯ ಹುಡುಗ. ಅತ್ತಿಮಬ್ಬೆ ಅವನಿಗೆ ಆಶ್ರಯ ಕೊಟ್ಟಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಕಾವ್ಯ ಬರೆದವಳಲ್ಲ, ಕಾವ್ಯ ಉಳಿಯುವಂತೆ ಮಾಡಿದವಳು. 993ರಲ್ಲಿ ಅಜಿತಪುರಾಣ ಮುಗಿಸಿದ ರನ್ನ ಅದರಲ್ಲಿ ಆಕೆಯ ಹೆಸರು ಹೇಳಿ ಬಣ್ಣಿಸಿದ. ಆದ್ದರಿಂದಲೇ ನಾನಿಂದು ಒಂಬತ್ತನೆಯ ಇಯತ್ತೆಯಲ್ಲಿ ಆಕೆಯ ಹೆಸರು ಹೇಳಬಲ್ಲೆ.

ಊರಿಗೆ ಬಂದು ಮಗನ ಹಾಡನ್ನು ಮೊಬೈಲಿನಲ್ಲಿ ಯಜಮಾನರಿಗೆ ಕೇಳಿಸಿದೆ. "ಇದರಾಗ ಇವಂದು ಯಾವ್ದು?" ಎಂದರು. ನಿಜಕ್ಕೂ ಏನೂ ಕೇಳಿಸಲಿಲ್ಲ. ಅಷ್ಟು ಸಣ್ಣ ಸ್ಪೀಕರು ಅಷ್ಟು ಕೆಳಗಿನ ದನಿಯನ್ನು ಹೊರಡಿಸಲಾರದು. ಮರುದಿನ ಆ ಹಳೆಯ ವಿದ್ಯಾರ್ಥಿಯ ಟ್ರ್ಯಾಕ್ಟರು ನಮ್ಮ ಹೊಲಕ್ಕೆ ಕಬ್ಬು ಒಯ್ಯಲು ಬಂದಿತ್ತು. "ತಮ್ಮಾ, ಈ ಹಾಡು ಒಂದೀಟು ಹಚ್ಚು" ಎಂದೆ. ಅಕ್ಕೋರೇ ಹಚ್ಚು ಎಂದದ್ದಕ್ಕೆ ಅವನು ಬೆರಗಾಗಿ ಹಚ್ಚಿದ. ನೆಲ ನಡುಗಿತು. ಯಜಮಾನರು ಟ್ರೇಲರಿನ ಪಟ್ಟಿಯ ಮೇಲೆ ಅಂಗೈ ಇಟ್ಟು ನಿಂತರು. ದನಿ ಕೈಗೇ ಹತ್ತುತ್ತಿತ್ತು. ಹಾಡು ಮುಗಿಯುವತನಕ ಕೈ ತೆಗೆಯಲಿಲ್ಲ. ಸಂಜೆ ತಾವೇ ಮಗನಿಗೆ ಫೋನು ಮಾಡಿ, "ಊಟಾ ಆತೇನೋ?" ಎಂದರು.

ಈ ವರ್ಷದ ಶಾಲೆಯ ಸ್ನೇಹ ಸಮ್ಮೇಳನದ ಆಮಂತ್ರಣ ಪತ್ರಿಕೆ ಬರೆಯುವ ಕೆಲಸ ನನಗೆ ಬಂತು. ಹಾಡುವ ಹುಡುಗಿಯರ ಜೊತೆ ತಂಬೂರಿ, ತಾಳ ಹಿಡಿಯುವ ಹುಡುಗಿಯರ ಹೆಸರನ್ನೂ ಬರೆದೆ. ಹೆಡ್‌ಮಾಸ್ತರು, "ಜಾಗ ಸಾಲೂದಿಲ್ರಿ ಅಕ್ಕೋರ" ಎಂದರು. ಅತಿಥಿಗಳ ಬಿರುದು ಎರಡು ಕಡಿಮೆ ಮಾಡೋಣ ಎಂದೆ. ಜಾಗ ಸಾಲಿತು.

ಮಗನ ಹೆಸರನ್ನು ಮಾತ್ರ ಈ ಲೇಖನದಲ್ಲಿ ಬರೆದಿಲ್ಲ. ಬರೆಯಲೇ ಎಂದು ಅವನನ್ನೇ ಕೇಳಿದೆ. "ಬ್ಯಾಡವ್ವಾ," ಎಂದ. "ನಿನ್ನ ಲೇಖನದಾಗ ಬ್ಯಾಡ. ಹಾಡಿನ ಕೆಳಗ ಬರ್ಲಿ."